ಅಲಂಕಾರದ ಕನ್ನಡ ಅಕ್ಷರ: ಲಗ್ನಪತ್ರಿಕೆಗೆ ಯಾವುದು, ಅಂಗಡಿ ಬೋರ್ಡಿಗೆ ಯಾವುದು?

ಮದುವೆ ಸೀಸನ್ ಬಂತೆಂದರೆ ಕೋಲಾರದ ಪ್ರೆಸ್‌ಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ದಿನವೂ ಕೇಳುವ ಮಾತು ಒಂದೇ: "ಕಾರ್ಡು ಸರಿ, ಬಣ್ಣ ಸರಿ, ಹುಡುಗ ಹುಡುಗಿ ಹೆಸರು ಮಾತ್ರ ಸ್ವಲ್ಪ ಸ್ಟೈಲಾಗಿ ಬರ್ಲಿ." ಯಾವ ಸ್ಟೈಲು ಅಂತ ಕೇಳಿದರೆ ಫೋನಿನಲ್ಲಿ ಮೂರ್ನಾಲ್ಕು ಸ್ಯಾಂಪಲ್ ತೋರಿಸುತ್ತಾರೆ. ಒಂದು ಬ್ರಷ್ಷಿನಲ್ಲಿ ಎಳೆದ ಹಾಗಿದೆ. ಇನ್ನೊಂದಕ್ಕೆ ಉದ್ದ ಬಾಲ. ಮತ್ತೊಂದು ಸಣ್ಣ ಗೆರೆಯಲ್ಲಿ ನಾಜೂಕಾಗಿದೆ. ಎಲ್ಲವೂ ಚೆಂದವೇ. ಆರಿಸೋದು ಹೇಗೆ?

ನಾನು ಈ ಅಕ್ಷರಗಳ ಕೆಲಸವನ್ನೇ ಮಾಡುವವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಲಂಕಾರದ ಅಕ್ಷರವನ್ನು ಸ್ಯಾಂಪಲ್ ನೋಡಿ ಆರಿಸಬೇಡಿ. ನಿಮ್ಮದೇ ಹೆಸರನ್ನು ಅದರಲ್ಲಿ ಹಾಕಿಸಿ, ಅದು ಎಲ್ಲಿ ಓದಿಸಿಕೊಳ್ಳಬೇಕೋ ಅಷ್ಟು ದೂರದಲ್ಲಿಟ್ಟು ನೋಡಿ ಆರಿಸಿ. ಮತ್ತೆ, ಅಂಥ ಅಕ್ಷರ ಎರಡು ಮೂರು ಪದಕ್ಕೆ ಮಾತ್ರ. ಇಡೀ ಪತ್ರಿಕೆಯನ್ನು ಅದರಲ್ಲೇ ಹಾಕಿಸಿದರೆ ಮುಹೂರ್ತದ ಸಮಯ ಹುಡುಕೋಕೆ ಅಜ್ಜಿ ಮೊಮ್ಮಗನನ್ನು ಕರೆಯಬೇಕಾಗುತ್ತದೆ.

ಮೊದಲು ಏನೇನು ನೋಡಬೇಕು

ಎಲ್ಲಕ್ಕಿಂತ ಮುಖ್ಯ, ಹೆಸರಿನಲ್ಲಿರುವ ಒತ್ತಕ್ಷರ. ಫಾಂಟ್ ಮಾರುವವರ ಸ್ಯಾಂಪಲ್‌ಗಳಲ್ಲಿ 'ಕನ್ನಡ', 'ಪ್ರೀತಿ', 'ಕನಸು' ಅಂತ ದುಂಡಗಿನ, ಸುಲಭದ ಪದಗಳೇ ಇರುತ್ತವೆ. ನಮ್ಮ ಕಡೆ ಹೆಸರುಗಳು ಹಾಗಿರುವುದಿಲ್ಲ. ಮುನಿವೆಂಕಟಮ್ಮ, ಲಕ್ಷ್ಮೀನಾರಾಯಣಪ್ಪ, ಹರ್ಷವರ್ಧನ, ಜ್ಞಾನೇಶ್ವರಿ. 'ಲಕ್ಷ್ಮಿ' ಒಂದನ್ನೇ ಹತ್ತಿರದಿಂದ ನೋಡಿ. 'ಲ' ಆದ ಮೇಲೆ ಒಂದು 'ಕ' ಇದೆ, ಅದರ ತಲೆ ಮೇಲೆ ಗುಡಿಸು, ಕಾಲಿಗೆ 'ಷ' ಒತ್ತು, ಅದರ ಬಗಲಿಗೆ 'ಮ' ಒತ್ತು. ನಾಲ್ಕು ತುಂಡುಗಳು ಒಂದೇ ಅಕ್ಷರದ ಜಾಗದಲ್ಲಿ ಕೂರಬೇಕು. ಈಗ ಫಾಂಟ್ ಮಾಡಿದವರು 'ಲ'ಗೆ ಕೆಳಗೆ ಉದ್ದ ಬಾಲ ಬಿಟ್ಟಿದ್ದರೆ ಆ ಬಾಲ ಹೋಗಿ 'ಷ' ಒತ್ತಿಗೆ ತಾಗುತ್ತದೆ. ಹಿಂದಿನ ಸಾಲಿನ ಒತ್ತು ಇಳಿದು ಈ ಗುಡಿಸಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಳ್ಳೆಯ ಫಾಂಟಿನಲ್ಲಿ ಇಂಥ ಕೂಟಗಳಿಗೆ ಬೇರೆಯಾಗಿಯೇ ಆಕಾರ ಬರೆದಿರುತ್ತಾರೆ. ಅವಸರದಲ್ಲಿ ಮಾಡಿದ ಫಾಂಟಿನಲ್ಲಿ ಒತ್ತುಗಳನ್ನು ಸುಮ್ನೆ ಚಿಕ್ಕದು ಮಾಡಿ ಕೆಳಗೆ ಅಂಟಿಸಿರುತ್ತಾರೆ. ಗೆರೆ ತೆಳುವಾಗಿ, ಮೇಲಿನ ಅಕ್ಷರಕ್ಕೂ ಕೆಳಗಿನ ಒತ್ತಿಗೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ.

ಅರ್ಕಾವೊತ್ತು ಇನ್ನೊಂದು ತೊಂದರೆ. 'ಹರ್ಷ' ಬರೆದಾಗ ಕೊನೆಯಲ್ಲಿ ಬರುವ ಆ ಸುರುಳಿ ಅಲಂಕಾರದ ಬಾಲದ ಹಾಗೇ ಇದ್ದರೆ ಓದುವವರು ಅದನ್ನು ಬಿಟ್ಟುಬಿಡುತ್ತಾರೆ. ಹರ್ಷ ಹೋಗಿ 'ಹಷ' ಆಗುತ್ತದೆ. ಪ ಮತ್ತು ವ, ದ ಮತ್ತು ಧ, ಬ ಮತ್ತು ಭ, ಈ ಜೋಡಿಗಳನ್ನೂ ಹಾಕಿಸಿ ನೋಡಿ. ಮಹಾಪ್ರಾಣಕ್ಕೆ ಇರುವ ಗುರುತು ಒಂದು ಪುಟ್ಟ ಗೆರೆ ಅಷ್ಟೇ. ಅಲಂಕಾರದ ಭರದಲ್ಲಿ ಅದು ಮೊದಲು ಮಾಯವಾಗುತ್ತದೆ. ಲಗ್ನಪತ್ರಿಕೆಯಲ್ಲಿ 'ಚಿ॥' ಅಂತ ಹಾಕುತ್ತೀವಲ್ಲ, ಆ ಜೋಡಿ ಗೆರೆ ಕೆಲವು ಫಾಂಟುಗಳಲ್ಲಿ ಇರುವುದೇ ಇಲ್ಲ. ಅಲ್ಲಿ ಬೇರೆ ಫಾಂಟಿನ ಗೆರೆ ಬಂದು ಕೂರುತ್ತದೆ, ಇಲ್ಲವೇ ಖಾಲಿ ಡಬ್ಬಿ ಕಾಣುತ್ತದೆ.

ಎರಡನೆಯದು ದೂರ. ಬೋರ್ಡ್ ಮಾಡುವವರಲ್ಲಿ ಒಂದು ರೂಢಿಯ ಲೆಕ್ಕ ಇದೆ: 10 ಅಡಿ ದೂರಕ್ಕೆ ಅಕ್ಷರದ ಎತ್ತರ 1 ಇಂಚು. ರಸ್ತೆಯ ಆಚೆ ಬದಿ 40 ಅಡಿ ಇದ್ದರೆ 4 ಇಂಚು ಬೇಕು. ಕನ್ನಡದಲ್ಲಿ ಈ ಎತ್ತರವನ್ನು ಗುಡಿಸು, ಒತ್ತು ಬಿಟ್ಟು ಬರೀ ಮೂಲ ಅಕ್ಷರಕ್ಕೆ ಅಳೆಯಬೇಕು. ಇದು ಸರಳ ಅಕ್ಷರಕ್ಕೆ ಸಾಕಾಗುವ ಲೆಕ್ಕ. ಅಲಂಕಾರ ಜಾಸ್ತಿಯಾದಷ್ಟೂ ಎತ್ತರವೂ ಜಾಸ್ತಿ ಬೇಕು.

ಮೂರನೆಯದು, ಯಾವುದರ ಮೇಲೆ ಯಾವ ರೀತಿ ಅಚ್ಚಾಗುತ್ತದೆ ಅನ್ನೋದು. ಆಫ್‌ಸೆಟ್‌ನಲ್ಲಿ ಕೂದಲೆಳೆಯಂಥ ಗೆರೆಯೂ ಬರುತ್ತದೆ. ಚಿನ್ನದ ಫಾಯಿಲ್ ಹಾಕಿಸಿದರೆ ತೆಳು ಗೆರೆ ಅಲ್ಲಲ್ಲಿ ಕಿತ್ತುಹೋಗಬಹುದು, ಹತ್ತಿರದ ಎರಡು ಗೆರೆಗಳ ನಡುವಿನ ಸಂದು ಮುಚ್ಚಿಕೊಳ್ಳಬಹುದು. ಸ್ಕ್ರೀನ್ ಪ್ರಿಂಟಿನಲ್ಲೂ ಬಟ್ಟೆ ಬ್ಯಾನರಿನಲ್ಲೂ ಇಂಕು ಸ್ವಲ್ಪ ಹರಡುತ್ತದೆ. ಶ್ರೀನಿವಾಸಪುರದ ಮಾವಿನ ಹಣ್ಣಿನ ರಟ್ಟಿನ ಬಾಕ್ಸ್ ಇದ್ದರಂತೂ ಇನ್ನೂ ಕಷ್ಟ. ಆ ಒರಟು ಕಾಗದದ ಮೇಲೆ ಸಣ್ಣ ಗೆರೆಯ ಅಕ್ಷರ ನಿಲ್ಲುವುದಿಲ್ಲ. ಅಕ್ರಿಲಿಕ್ ಅಕ್ಷರ ಕತ್ತರಿಸುವುದಾದರೆ ತೆಳು ಬಾಲ ಮುರಿಯುತ್ತದೆ. ಬಿಡಿ ಬಿಡಿ ಚುಕ್ಕೆ, ಒತ್ತುಗಳಿದ್ದರೆ ಒಂದೊಂದನ್ನೂ ಬೇರೆಯಾಗಿ ಅಂಟಿಸಬೇಕಾಗುತ್ತದೆ, ಕೂಲಿ ಏರುತ್ತದೆ.

ನಾಲ್ಕನೆಯದು ನಮ್ಮ ಜಿಲ್ಲೆಗೆ ಮಾತ್ರ ಹೇಳಬೇಕಾದ ಮಾತು. ಮುಳಬಾಗಿಲು, ಶ್ರೀನಿವಾಸಪುರ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್ ಕಡೆ ತಮಿಳು. ಬೀಗರು ಮದನಪಲ್ಲಿಯವರೋ ಕುಪ್ಪಂನವರೋ ಆದರೆ ಒಂದೇ ಕಾರ್ಡಿನಲ್ಲಿ ಎರಡು ಲಿಪಿ ಬೇಕಾಗುತ್ತದೆ. ಕನ್ನಡ, ತೆಲುಗು ಅಕ್ಷರಗಳು ಅಕ್ಕಪಕ್ಕದ ಮನೆಯವು. ಬೇಗ ಗುರುತು ಹಿಡಿಯೋದು ತಲಕಟ್ಟಿನಿಂದ. ನಮ್ಮದು ಮೇಲೆ ಅಡ್ಡಕ್ಕೆ ಹೋಗಿ ಕೊನೆಯಲ್ಲಿ ಬಾಗುತ್ತದೆ. ತೆಲುಗಿನದು ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ಹಾಗೆ. ಬ್ರಷ್ ಶೈಲಿಯ ಕೆಲವು ಕನ್ನಡ ಅಕ್ಷರಗಳಲ್ಲಿ ತಲಕಟ್ಟನ್ನು ಒಂದೇ ಏಟಿಗೆ ಮೇಲಕ್ಕೆ ಚಿಮ್ಮಿಸಿರುತ್ತಾರೆ. ಬೆಂಗಳೂರಿನಲ್ಲಿ ಅದು ಸ್ಟೈಲು. ಇಲ್ಲಿ ಎರಡೂ ಲಿಪಿ ಓದುವವರಿಗೆ ಒಂದು ಕ್ಷಣ ತೆಲುಗು ಅಂತಲೇ ಅನ್ನಿಸುತ್ತದೆ. ಇದನ್ನು ಗಮನಿಸಿ.

ಇನ್ನು ಯೂನಿಕೋಡ್ (ಯಾವ ಫೋನು, ಕಂಪ್ಯೂಟರಿಗೆ ಹೋದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಸಂಕೇತ ಪದ್ಧತಿ) ಹೌದೋ ಅಲ್ಲವೋ, ಹಣ ಎಷ್ಟು, ಲೈಸೆನ್ಸ್ ಏನು ಅನ್ನೋದು. ಅದನ್ನು ಒಂದೊಂದು ಆಯ್ಕೆಯ ಜೊತೆಯಲ್ಲೇ ಹೇಳುತ್ತೇನೆ.

ಪ್ರೆಸ್ಸಿನವರ ಹತ್ತಿರ ಈಗಾಗಲೇ ಇರುವ ಫಾಂಟುಗಳು

ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಬರಹ. ನಮ್ಮ ಊರುಗಳ ಬಹುಪಾಲು ಪ್ರೆಸ್ ಕೆಲಸ ನಡೆದು ಬಂದಿದ್ದು ಇವುಗಳ ಮೇಲೆ. ಶ್ರೀಲಿಪಿಯಲ್ಲಿ ಅಲಂಕಾರದ ಅಕ್ಷರಗಳ ರಾಶಿಯೇ ಇದೆ. ಆಪರೇಟರ್‌ಗಳು ಅವನ್ನು ನಂಬರ್‌ನಲ್ಲೇ ಗುರುತಿಟ್ಟುಕೊಂಡಿರುತ್ತಾರೆ.

ಇವುಗಳ ದೊಡ್ಡ ಅನುಕೂಲ ಆಪರೇಟರ್‌ನ ಕೈ ಪಳಗಿರೋದು. ಯಾವ ಅಕ್ಷರ ಫಾಯಿಲ್‌ಗೆ ನಿಲ್ಲುತ್ತದೆ, ಯಾವುದು ನಿಲ್ಲಲ್ಲ ಅಂತ ಅವರಿಗೆ ಅನುಭವದಿಂದಲೇ ಗೊತ್ತು. ಒತ್ತು ತಾಗಿದರೆ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಯ ಆಕಾರವಾಗಿ ಬದಲಿಸಿಕೊಂಡು, ಕೈಯಲ್ಲೇ ಸರಿಸಿಬಿಡುತ್ತಾರೆ. ನಿಮಗೆ ಬೇರೆ ಖರ್ಚಿಲ್ಲ.

ಕೊರತೆ ಎಲ್ಲಿದೆ ಅಂದರೆ, ಈ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಕಂಪ್ಯೂಟರ್ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಇರುತ್ತವೆ, ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ಆ ಸಾಲನ್ನು ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದರೆ ಅರ್ಥವಿಲ್ಲದ ಗೀಚು ಬರುತ್ತದೆ. ನೀವು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ ವಿಷಯವನ್ನು ಅವರು ಕನ್ವರ್ಟರ್‌ಗೆ ಹಾಕುತ್ತಾರೆ, ಇಲ್ಲವೇ ಮತ್ತೆ ಟೈಪ್ ಮಾಡುತ್ತಾರೆ. ಹೆಸರುಗಳಲ್ಲಿ ತಪ್ಪು ನುಸುಳುವುದು ಅಲ್ಲೇ. ಪ್ರೂಫ್ ಬಂದಾಗ ಮೊದಲು ಅರ್ಕಾವೊತ್ತು, ಆಮೇಲೆ 'ಕ್ಷ', 'ಜ್ಞ' ಇರುವ ಹೆಸರುಗಳನ್ನು ನೋಡಿ.

ಇನ್ನೊಂದು ಮಾತು. ಇವು ಎಲ್ಲರ ಹತ್ತಿರವೂ ಇರುವ ಅಕ್ಷರಗಳು. ನಿಮ್ಮ ಕಾರ್ಡೂ ಪಕ್ಕದ ಮನೆಯವರ ಕಾರ್ಡೂ ಒಂದೇ ಥರ ಕಾಣುತ್ತದೆ. ಲಗ್ನಪತ್ರಿಕೆಗೆ ಅದೇನೂ ದೊಡ್ಡ ಕೊರತೆ ಅಲ್ಲ ಅಂತ ನನಗನ್ನಿಸುತ್ತದೆ. ಪತ್ರಿಕೆ ಕಾಗದದ ಮೇಲೆ ಮಾತ್ರ ಬರಬೇಕು, ಬಜೆಟ್ ಬಿಗಿಯಾಗಿದೆ, ಮದುವೆ ಹತ್ತಿರ ಬಂದಿದೆ ಅನ್ನೋರು ಬೇರೆ ಕಡೆ ನೋಡದೆ ಇದನ್ನೇ ಒಪ್ಪಿಕೊಳ್ಳಿ. ಅಂಗಡಿ ಹೆಸರಿಗೆ ಮಾತ್ರ ಬೇಡ. ಅಲ್ಲಿ ನಿಮ್ಮದು ಅಂತ ಗುರುತು ಬೇಕು, ಅಲ್ವಾ?

ಉಚಿತ ಯೂನಿಕೋಡ್ ಫಾಂಟುಗಳು

ಈಗ ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಒಳ್ಳೆಯ ಅಕ್ಷರಗಳಿವೆ. ಹೆಚ್ಚಿನವು ಓಪನ್ ಫಾಂಟ್ ಲೈಸೆನ್ಸ್‌ನವು. ಕಾರ್ಡಿಗೆ, ಬೋರ್ಡಿಗೆ, ವ್ಯಾಪಾರಕ್ಕೆ ಧಾರಾಳವಾಗಿ ಬಳಸಬಹುದು. ಫಾಂಟ್ ಫೈಲನ್ನೇ ಮಾರಾಟಕ್ಕೆ ಇಡಬಾರದು, ಅಷ್ಟೇ.

ಅಲಂಕಾರದ ಲೆಕ್ಕಕ್ಕೆ ಬಂದರೆ ನಾನು ಮೊದಲು ತೋರಿಸೋದು ಅಕಾಯ ಕನಡಕ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ್ದು. ಶೀರ್ಷಿಕೆಗೆಂದೇ ಮಾಡಿದ, ಪ್ರಯೋಗದ ಅಕ್ಷರ. ಅಚ್ಚುಮೊಳೆಯ ಗಂಭೀರತೆ ಇಲ್ಲ, ಕೈಯ ಓಟ ಇದೆ. ಇದಕ್ಕೆ ಅಕಾಯ ತೆಲಿವಿಗಲ ಅಂತ ತೆಲುಗು ಜೋಡಿಯೂ ಇದೆ, ಎರಡರಲ್ಲೂ ಇಂಗ್ಲಿಷ್ ಅಕ್ಷರ ಒಂದೇ. ಹುಡುಗಿ ಮುಳಬಾಗಿಲು, ಹುಡುಗ ಮದನಪಲ್ಲಿ ಅಂದರೆ ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಎರಡು ಲಿಪಿಯೂ ಒಂದೇ ಕೈಯಲ್ಲಿ ಬರೆದ ಹಾಗೆ ಕಾಣುತ್ತವೆ. ಆದರೆ ಇದು ಒಂದೇ ದಪ್ಪದಲ್ಲಿ ಸಿಗುತ್ತದೆ. ಇನ್ನೂ ದಪ್ಪ ಬೇಕು ಅಂತ ಬೋಲ್ಡ್ ಬಟನ್ ಒತ್ತಿದರೆ ಸಾಫ್ಟ್‌ವೇರ್ ಗೆರೆಯ ಸುತ್ತ ಸುಮ್ನೆ ಮಸಿ ಬಳಿಯುತ್ತದೆ, ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಸಾಂಪ್ರದಾಯಿಕ ಕಾರ್ಡು ಬೇಕೆನ್ನುವ ಹಿರಿಯರಿಗೆ ಇದರ ಲವಲವಿಕೆ ಒಗ್ಗದೆಯೂ ಇರಬಹುದು. ಹೋಮ್‌ಸ್ಟೇ, ಮಕ್ಕಳ ಹುಟ್ಟುಹಬ್ಬ, ಕಾಲೇಜು ಕಾರ್ಯಕ್ರಮಗಳಿಗೆ ಹೇಳಿ ಮಾಡಿಸಿದ್ದು.

ಹುಬ್ಬಳ್ಳಿ ಅನ್ನೋ ಫಾಂಟ್ ಒಂದೇ ದಪ್ಪದ ಗೆರೆಯದು, ಆಡಂಬರವಿಲ್ಲದ್ದು. ನವಿಲು ಕೈಬರಹದ ಹಾಗಿದೆ. ಪುಟ್ಟ ಕಾಫಿ ಅಂಗಡಿ, ಉಪ್ಪಿನಕಾಯಿ ಲೇಬಲ್ಲು ಇಂಥದ್ದಕ್ಕೆ ಸೊಗಸು.

ಬಲೂ ತಮ್ಮ ಕ್ಯಾಲಿಗ್ರಫಿ ಅಲ್ಲ. ಆದರೂ ಇಲ್ಲಿ ಹೇಳುತ್ತೇನೆ, ಯಾಕೆಂದರೆ ಅಲಂಕಾರ ಬೇಕು ಅಂತ ಬರುವವರಲ್ಲಿ ಸುಮಾರು ಜನಕ್ಕೆ ನಿಜವಾಗಿ ಬೇಕಿರೋದು ದುಂಡಗೆ, ದಪ್ಪಗೆ, ಸ್ನೇಹವಾಗಿ ಕಾಣುವ ಅಕ್ಷರ. ಏಕ್ ಟೈಪ್ ಸಂಸ್ಥೆಯವರು ಮಾಡಿದ್ದು. ತೆಲುಗಿಗೆ ಬಲೂ ತಮ್ಮುಡು, ತಮಿಳಿಗೆ ಬಲೂ ತಂಬಿ ಇವೆ. ಕೆಜಿಎಫ್, ಬಂಗಾರಪೇಟೆ ಕಡೆ ಮೂರು ಭಾಷೆಯ ಬೋರ್ಡಿಗೆ ಇದು ಕೈಕೊಡುವುದಿಲ್ಲ. ಅಕ್ರಿಲಿಕ್ ಕಟಿಂಗ್‌ಗೂ ಒಳ್ಳೆಯದು, ಮುರಿಯುವಂಥ ಬಾಲಗಳಿಲ್ಲ.

ಉಚಿತ ಅಂದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ. ಹಳೆಯ ಕೋರೆಲ್ ಡ್ರಾ, ಹಳೆಯ ಫೋಟೋಶಾಪ್ ಇಟ್ಟುಕೊಂಡಿರುವ ಕಡೆ ಯೂನಿಕೋಡ್ ಕನ್ನಡ ಒಡೆದುಹೋಗುತ್ತದೆ. ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಅರ್ಧಾಕ್ಷರವಾಗಿ ನಿಲ್ಲುತ್ತದೆ. ಅಡೋಬಿ ಸಾಫ್ಟ್‌ವೇರ್‌ಗಳಲ್ಲಿ ಭಾರತೀಯ ಲಿಪಿಗಳಿಗೆ ಇರುವ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಬೇಕು. ಪ್ರೆಸ್‌ನವರು "ಈ ಫಾಂಟ್ ಸರಿಯಿಲ್ಲ" ಅಂದರೆ ಒಮ್ಮೆ ಇದನ್ನು ಕೇಳಿ ನೋಡಿ.

ದುಡ್ಡು ಕೊಟ್ಟು ಕೊಳ್ಳುವ ಹೊಸ ಕ್ಯಾಲಿಗ್ರಫಿ ಫಾಂಟು

ಬ್ರಷ್ ಶೈಲಿ, ಚಪ್ಪಟೆ ನಿಬ್ಬಿನ ಶೈಲಿ, ಹಳಗಾಲದ ಓಲೆಗರಿಯ ಶೈಲಿ ಅಂತ ಹಲವು ಬಗೆ ಈಗ ಕನ್ನಡದ ಅಕ್ಷರ ವಿನ್ಯಾಸಕರಿಂದಲೇ ಸಿಗುತ್ತಿವೆ. ಬ್ರಷ್‌ನದು ಒಣಗಿದ ಕುಂಚದ ಹರಕು ಅಂಚಿನ ಜೊತೆ ಬರುತ್ತದೆ. ಸಿನಿಮಾ ಪೋಸ್ಟರಿನ ಗತ್ತು ಅದಕ್ಕಿದೆ. ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವವರು ಬ್ಯಾನರಿಗೆ ಇದನ್ನೇ ಕೇಳುತ್ತಾರೆ, ಮತ್ತು ಅವರು ಕೇಳುವುದು ಸರಿ. ನಾಟಕದ ಹೆಸರು ಮೂರಡಿ ಎತ್ತರದಲ್ಲಿ ಬ್ರಷ್ಷಿನಲ್ಲಿ ಬಂದರೆ ಅದರ ಕಳೆಯೇ ಬೇರೆ. ಆದರೆ ಪಾತ್ರಧಾರಿಗಳ ಪಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹೆಸರು, ಸಹಾಯ ಮಾಡಿದವರ ಹೆಸರು ಸರಳ ಅಕ್ಷರದಲ್ಲೇ ಇರಲಿ. ತಿಂಗಳುಗಟ್ಟಲೆ ಮಾತು ಕಲಿತು ವೇಷ ಹಾಕುವ ಮನುಷ್ಯನ ಹೆಸರು ಓದೋಕೆ ಆಗದಿದ್ದರೆ ಅನ್ಯಾಯ.

ಚಪ್ಪಟೆ ನಿಬ್ಬಿನದು ದಪ್ಪ-ಸಣ್ಣ ಗೆರೆಗಳ ಹೊಯ್ದಾಟ. ಲಗ್ನಪತ್ರಿಕೆ, ಗೃಹಪ್ರವೇಶ, ಪ್ರಶಸ್ತಿ ಪತ್ರ, ಬಿನ್ನವತ್ತಳೆಗೆ ಇದು ಗೌರವದ ಅಕ್ಷರ. ನನ್ನ ಮೆಚ್ಚಿನದೂ ಇದೇ.

ಕೊಳ್ಳುವ ಮುಂಚೆ ಎರಡು ವಿಷಯ ಕೇಳಿ. ಲೈಸೆನ್ಸ್ ಎಷ್ಟು ಕಂಪ್ಯೂಟರಿಗೆ, ಲೋಗೋಗೆ ಬಳಸಬಹುದಾ, ವೆಬ್‌ಸೈಟಿಗೆ ಬೇರೆ ಹಣವಾ? ಇನ್ನೊಂದು, ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಕೊಟ್ಟಿದ್ದಾರಾ? 'ಮಮತಾ' ಅಂತ ಹೆಸರಿದೆ ಅಂದುಕೊಳ್ಳಿ. ಎರಡೂ 'ಮ' ಒಂದೇ ಬಾಲ, ಒಂದೇ ತಿರುವು ಹೊತ್ತು ಪಕ್ಕಪಕ್ಕದಲ್ಲಿ ನಿಂತರೆ ಕೈಬರಹದ ಭ್ರಮೆ ಅಲ್ಲಿಗೇ ಮುಗಿಯಿತು. ಬದಲಿ ರೂಪವಿದ್ದರೆ ಎರಡನೇ 'ಮ' ಸ್ವಲ್ಪ ಸಪ್ಪೆಯಾಗಿ, ಮೊದಲನೆಯದಕ್ಕೆ ಜಾಗ ಬಿಟ್ಟುಕೊಡುತ್ತದೆ. ಒಂದೇ ಒಂದು ಕಾರ್ಡಿಗಾಗಿ ಇಂಥ ಫಾಂಟ್ ಕೊಳ್ಳೋದು ದಂಡ. ವರ್ಷವಿಡೀ ಕಾರ್ಯಕ್ರಮ ಮಾಡುವ ಸಂಘ, ಪುಸ್ತಕ ಪ್ರಕಾಶನ, ಡಿಸೈನ್ ಮಾಡುವವರು ಕೊಂಡರೆ ಹಣ ಹುಟ್ಟುತ್ತದೆ. ಕದ್ದ ಫೈಲು ಗ್ರೂಪುಗಳಲ್ಲಿ ಓಡಾಡುತ್ತಿರುತ್ತದೆ, ಅದನ್ನು ದಯವಿಟ್ಟು ಬಳಸಬೇಡಿ. ಕನ್ನಡ ಫಾಂಟ್ ಮಾಡಲು ಮೂಲಾಕ್ಷರ, ಗುಣಿತ, ಒತ್ತು ಎಲ್ಲ ಸೇರಿ ನೂರಾರು ಆಕಾರ ಬರೆಯಬೇಕು. ಆ ದುಡಿಮೆಗೆ ಬೆಲೆ ಸಿಗದಿದ್ದರೆ ಮುಂದಿನ ಫಾಂಟನ್ನು ಯಾರು ಮಾಡುತ್ತಾರೆ?

ಕಲಾವಿದರ ಕೈಯಲ್ಲಿ ಬರೆಸೋದು

ಖರ್ಚು ಜಾಸ್ತಿ, ಸಮಯವೂ ಜಾಸ್ತಿ. ಆದರೆ ಇದಕ್ಕೆ ಸಮನಾದದ್ದು ಇಲ್ಲ. ಫಾಂಟ್ ಎಲ್ಲ ಹೆಸರಿಗೂ ಹೊಂದಬೇಕು, ಬರೆಯುವವರು ನಿಮ್ಮ ಹೆಸರಿಗೆ ಮಾತ್ರ ಹೊಂದಿಸಿದರೆ ಸಾಕು. 'ಲಕ್ಷ್ಮಿ'ಯ 'ಷ' ಒತ್ತನ್ನು ಎಡಕ್ಕೆ ಎಳೆದು 'ಲ'ದ ಕಾಲಿನ ಜೊತೆ ಸೇರಿಸಿ ಒಂದೇ ಗೆರೆ ಮಾಡಬಹುದು. ಹುಡುಗನ ಹೆಸರಿನ ಕೊಂಬು ಇಳಿದು ಹುಡುಗಿಯ ಹೆಸರಿನ ಗುಡಿಸಾಗಬಹುದು. ಇದನ್ನು ಯಾವ ಫಾಂಟೂ ಮಾಡಿಕೊಡುವುದಿಲ್ಲ.

ಮದುವೆಗೆ ಇದು ಆಸೆಯ ಮಾತು, ಕೈಯಲ್ಲಿ ಹಣವಿದ್ದರೆ ಮಾಡಿಸಿ. ಎರಡು ಹೆಸರು ಮಾತ್ರ ಬರೆಸಿ, ಉಳಿದದ್ದಕ್ಕೆ ತಿರೊ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡದಂಥ ಓದುವ ಅಕ್ಷರ ಹಾಕಿಸಿದರೆ ಖರ್ಚು ಹಿಡಿತದಲ್ಲಿರುತ್ತದೆ. ಈ ಎರಡಕ್ಕೂ ತೆಲುಗು, ತಮಿಳು ಜೋಡಿ ಇವೆ. ಹೊಸ ಅಂಗಡಿಗೆ, ಬ್ರ್ಯಾಂಡಿಗೆ ಮಾತ್ರ ನಾನು ಇದನ್ನು ಒತ್ತಿ ಹೇಳುತ್ತೇನೆ. ಬೋರ್ಡು, ಬಿಲ್ಲು, ಕೈಚೀಲ, ಡಬ್ಬಿ ಎಲ್ಲದರ ಮೇಲೂ ವರ್ಷಗಟ್ಟಲೆ ಇರುವ ಹೆಸರು ಅದು. ಒಂದು ಸಲದ ಖರ್ಚು ಅಷ್ಟು ಕಾಲಕ್ಕೆ ಹಂಚಿಹೋಗುತ್ತದೆ.

ಬೋರ್ಡಿನ ವಿಷಯಕ್ಕೆ ಬಂದಾಗ ಕಾನೂನೂ ನೆನಪಿರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ 60 ಶೇಕಡ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಹಾಗಾಗಿ ಕನ್ನಡದ ಅಕ್ಷರವೇ ಬೋರ್ಡಿನ ಮುಖ. ಇಂಗ್ಲಿಷ್ ಲೋಗೋ ಮೊದಲು ಮಾಡಿಸಿ, ಆಮೇಲೆ ಕನ್ನಡವನ್ನು ಅದರ ಪಡಿಯಚ್ಚಿಗೆ ತುರುಕೋದು ಬಿಟ್ಟು ಕನ್ನಡದಿಂದಲೇ ಶುರು ಮಾಡಿಸಿ. ಕ್ಲಾಕ್ ಟವರ್ ಹತ್ತಿರದ ಅಂಗಡಿಯಾದರೆ ಜನ ನಡೆದುಕೊಂಡು ಓದುತ್ತಾರೆ, ಸ್ವಲ್ಪ ಅಲಂಕಾರ ನಡೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 75ರ ಮೇಲಿನ ಹೋಟೆಲ್ಲಾದರೆ ನಡೆಯಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಅಲ್ಲಿ ಊಟ, ತಿಂಡಿ ಅನ್ನೋ ಪದ ದಪ್ಪ ಸರಳ ಅಕ್ಷರದಲ್ಲಿರಲಿ, ಅಲಂಕಾರದ ಹೆಸರು ಒಳಗೆ ಗೋಡೆಯ ಮೇಲೆ ಬರಲಿ.

ಕಾರ್ಡಿನ ಇಂಗ್ಲಿಷ್ ಬದಿ

ಇದು ಬೇಗ ಮುಗಿಯುವ ಮಾತು. ಆಫೀಸ್ ಸಾಫ್ಟ್‌ವೇರ್ ಜೊತೆ ಬರುವ ಎಡ್ವರ್ಡಿಯನ್ ಸ್ಕ್ರಿಪ್ಟ್ ತುಂಬ ತೆಳು, ಫಾಯಿಲ್‌ಗೆ ಕಷ್ಟ. ಮೊನೊಟೈಪ್ ಕೊರ್ಸಿವಾ ಓದೋಕೆ ಸುಲಭ, ಆದರೆ ನೋಡಿ ನೋಡಿ ಹಳೆಯದಾಗಿದೆ. ಗ್ರೇಟ್ ವೈಬ್ಸ್ ಉಚಿತ, ಮದುವೆಗೆ ಚೆಂದ. ಹರ್ಮನ್ ಝಾಪ್ಫ್ 1998ರಲ್ಲಿ ತಂದ ಝಾಪ್ಫಿನೊದ ಬಾಲಗಳು ಮೇಲಿನ ಕೆಳಗಿನ ಸಾಲಿಗೆ ನುಗ್ಗುತ್ತವೆ, ಸುತ್ತ ಖಾಲಿ ಜಾಗ ಇದ್ದರೆ ಮಾತ್ರ ಹಾಕಿಸಿ. ಯಾವುದನ್ನೇ ಆರಿಸಿದರೂ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬೇಡ. ಇಂಥ ಫಾಂಟಿನ ಕ್ಯಾಪಿಟಲ್‌ಗಳು ಒಂದೊಂದೂ ಪದದ ಶುರುವಿಗೆಂದು ಮಾಡಿದವು. ಸಾಲಾಗಿ ನಿಲ್ಲಿಸಿದರೆ ಒಂದಕ್ಕೊಂದು ಸಿಕ್ಕಿಕೊಂಡು ಯಾರ ಹೆಸರೆಂದೇ ತಿಳಿಯುವುದಿಲ್ಲ. ಕನ್ನಡದ ಗೆರೆ ಎಷ್ಟು ದಪ್ಪವಿದೆಯೋ ಇಂಗ್ಲಿಷಿನದೂ ಸುಮಾರು ಅಷ್ಟೇ ಇರಲಿ.

ಅಂತಿಮ ಮಾಡುವ ಮುಂಚೆ ಪ್ರೂಫನ್ನು ಫೋನಿನಲ್ಲಿ ಹಿಗ್ಗಿಸಿ ನೋಡಿ ಒಪ್ಪಿಕೊಳ್ಳಬೇಡಿ. ಕಾರ್ಡಾದರೆ ಅದೇ ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆಸಿ, ಕನ್ನಡಕ ಹಾಕುವ ಹಿರಿಯರೊಬ್ಬರ ಕೈಗೆ ಕೊಡಿ. ಬೋರ್ಡಾದರೆ ಹೆಸರನ್ನು ಒಂದಿಷ್ಟು ಹಾಳೆಗಳಲ್ಲಿ ಬಿಡಿಸಿ ಅಂಟಿಸಿ, ಅಂಗಡಿ ಮುಂದೆ ತೂಗುಹಾಕಿ, ರಸ್ತೆ ದಾಟಿ ನಿಂತು ಓದಿಸಿ. ಕೈಯಲ್ಲಿ ಬರೆಸಿದ್ದಾದರೆ ಕಲಾವಿದರಿಂದ ವೆಕ್ಟರ್ ಫೈಲು (ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯದ ಫೈಲು), ಬರೀ ಕಪ್ಪು ಬಣ್ಣದ ಒಂದು ಪ್ರತಿ, ಎಲ್ಲೆಲ್ಲಿ ಬಳಸಬಹುದು ಅಂತ ಬರಹದಲ್ಲಿ ಒಂದು ಒಪ್ಪಿಗೆ, ಈ ಮೂರನ್ನೂ ಕೊನೆಯ ಕಂತು ಕೊಡುವ ಮುಂಚೆ ತೆಗೆದುಕೊಳ್ಳಿ. ಪ್ರೆಸ್ಸಿಗೆ ಕಳಿಸುವ ಫೈಲಿನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ. ಜೊತೆಗೆ ಕರ್ವ್ ಮಾಡದ ಪ್ರತಿಯೊಂದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಫೋನ್ ನಂಬರ್ ಬದಲಾದಾಗ ಬೇಕಾಗುತ್ತದೆ.